ಮಾಲೀಕರು ಎಲ್ಲಿ

ಬಿಸ್ಕತ್ತಿನ ಡಬ್ಬಿಯಲ್ಲಿ ಎಲ್ಲ ಇದೆ, ಮನೆಯಲ್ಲೇ ಎರಡು ಸಲ ನೋಡಿಕೊಂಡೆ,
ಅಲವೆರ್ದಿ ದಾಟಿದ ಮೇಲೆ ಗಾಡಿ ನಿಲ್ಲಿಸಿ ಇನ್ನೊಂದು ಸಲ.
ನನ್ನ ಪಾಸ್‌ಪೋರ್ಟ್. ಅತ್ತೆಯ ಪಾಸ್‌ಪೋರ್ಟ್.
ನನ್ನ ಲೈಸೆನ್ಸ್, ಅದಕ್ಕೆ ಹನ್ನೊಂದು ವಾರದ ಪ್ರಾಯ.
ಗಾಡಿಯ ಕಾರ್ಡು: ಬಿಳಿ ನೀವಾ, ಇಂಜಿನ್ ನಂಬರು,
ಚಾಸಿ ನಂಬರು, ಮಾಲೀಕ: ವಾಘಿನಾಕ್.
ಆಚೆ ಕಡೆಯ ವಿಮೆ, ಹದಿನೈದು ದಿನದ್ದು.
ಎಲ್ಲದರ ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿ,
ಯಾರೂ ಕೇಳದಿರಲಿ ಎಂದು ಇಟ್ಟದ್ದು ಒಂದು.

ಅತ್ತೆಯ ತೊಡೆಯ ಮೇಲೆ ಎಳೆ ಅಕ್ರೋಟಿನ ಮುರಬ್ಬದ ಜಾಡಿ.
ಬೆಲ್ಟು ಹಾಕಿ ಎಂದರೆ ಜಾಡಿಯನ್ನೂ ಸೇರಿಸಿ ಹಾಕಿಕೊಂಡರು.
ಅದು ತಂಗಿ ವರ್ಸೆನಿಕ್‌ಗೆ. ಸೇತುವೆಯಿಂದ ಅರ್ಧ ಗಂಟೆ ದಾರಿ.
ವಾಘಿನಾಕನಿಗೆ ಎಂಟು ತಿಂಗಳು ಹಾಲೂಡಿದವಳು.
ಅವಳಿಗಿನ್ನೂ ಯಾರೂ ಹೇಳಿಲ್ಲ.
ಫೋನಿನಲ್ಲಿ ಹೇಳುವಂಥದ್ದಲ್ಲ ಎಂದರು ಅತ್ತೆ, ಜನವರಿಯಲ್ಲಿ.
ಈಗ ದಾರಿಯುದ್ದಕ್ಕೂ ಮಲ್ಬರಿ ಉದುರಿ
ಟೈರಿನ ಕೆಳಗೆ ನೇರಳೆ ಕೆಸರು.

ನಮ್ಮ ಕಡೆಯ ಹುಡುಗ ವಾಘಿನಾಕನ ಗೆಳೆಯನ ಮಗ.
ಕಾರ್ಡು ನೋಡಿದ, ನನ್ನ ಮುಖ ನೋಡಿದ,
ಏನೂ ನೋಡದವನ ಹಾಗೆ ಮುದ್ರೆ ಒತ್ತಿದ.
ಇಲ್ಲಿಂದ ಮುಂದೆ ಚಾಲಕರು ಗಾಡಿಯಲ್ಲಿ, ಉಳಿದವರು ನಡೆದು.
ಅತ್ತೆ ಜಾಡಿ ಅವುಚಿಕೊಂಡು ಕಟ್ಟಡದೊಳಗೆ ಹೋದರು.

ಹಕ್ಕಿಗೆ ಪಾಸ್‌ಪೋರ್ಟ್ ಬೇಡ, ನದಿಗೆ ಗಡಿ ಗೊತ್ತಿಲ್ಲ
ಎಂದು ಬರೆಯುವವರು
ಜೂನ್ ಮಧ್ಯಾಹ್ನ ಲಾರಿಗಳ ಹಿಂದೆ
ಈ ಸೇತುವೆಯ ಮೇಲೆ ಎರಡು ಗಂಟೆ ನಿಂತವರಲ್ಲ.
ಇಲ್ಲಿ ನದಿಯೂ ತಾಮ್ರದ ಗಣಿಯ ಬಣ್ಣ ಹೊತ್ತು
ಊರು ಯಾವುದೆಂದು ತೋರಿಸಿಯೇ ಹೋಗುತ್ತದೆ.

ಆಚೆ ಕಡೆಯ ಅಧಿಕಾರಿಯ ಹೆಸರು ಎದೆಯ ಮೇಲಿತ್ತು,
ಆ ಲಿಪಿ ನನಗೆ ಬಾರದು.
ರಷ್ಯನ್ನಿನಲ್ಲಿ ಕೇಳಿದ. ಅದು ಅವನದೂ ಅಲ್ಲ, ನನ್ನದೂ ಅಲ್ಲ,
ಇಬ್ಬರೂ ಬಾಡಿಗೆಗೆ ತಂದ ಮಾತು.
ಗಾಡಿ ಯಾರದು?
ನನ್ನ ಗಂಡನದು.
ಮಾಲೀಕರು ಎಲ್ಲಿ?

ಐದು ತಿಂಗಳಲ್ಲಿ ಇದನ್ನು ಕೇಳಿದವರಿಲ್ಲ.
ನಮ್ಮೂರಲ್ಲಿ ಯಾರು ಕೇಳಬೇಕು, ಎಲ್ಲರೂ ಹೆಗಲು ಕೊಟ್ಟವರೇ.
ನನ್ನ ಭಾಷೆಯಲ್ಲಿ ಒಮ್ಮೆಯೂ ಆಡದ ಪದವನ್ನು
ಬಾಡಿಗೆಯ ಭಾಷೆಯಲ್ಲಿ ಆಡಿದೆ.
ವ್ಯಾಕರಣ ತಪ್ಪಿತೇನೋ, ಅವನಿಗೆ ತಿಳಿಯಲಿಲ್ಲ:
ಒಪ್ಪಿಗೆ ಪತ್ರ? ನೋಟರಿ ಸಹಿ?

ಆಗ ಡಬ್ಬಿಯ ತಳದ ಕಾಗದ ಬಿಚ್ಚಿದೆ.

ಸತ್ತವರು ಸಹಿ ಹಾಕುವುದಿಲ್ಲ, ಸರಿ.
ಆದರೆ ಆರು ತಿಂಗಳು ತುಂಬುವವರೆಗೆ ಗಾಡಿ ಅವರ ಹೆಸರಿನಲ್ಲೇ
ಎಂದಿದ್ದಾಳೆ ನಮ್ಮ ನೋಟರಿ, ಆಮೇಲೆ ವಾರಸುದಾರರದು.
ಇನ್ನೂ ಹತ್ತೊಂಬತ್ತು ದಿನ ಇದೆ ವಾಘಿನಾಕನಿಗೆ
ಒಂದು ಕಾರು ಇಟ್ಟುಕೊಳ್ಳಲು.

ಅವನು ತಲೆಕೆಳಗಾಗಿ ಹಿಡಿದಿದ್ದ ಕಾಗದ ತಿರುಗಿಸಿ ಓದಿದ.
ಹೊರಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ,
ಜ್ವರ ನೋಡುವವನ ಹಾಗೆ.
ನೀವು ದಾಟಬಹುದು, ಎಂದ. ಇದು ದಾಟುವ ಹಾಗಿಲ್ಲ.

ರಿವರ್ಸ್ ಗೇರು ನನಗಿನ್ನೂ ಕೈಗೆ ಹತ್ತಿಲ್ಲ.
ಹಿಂದೆ ಟೊಮೇಟೊ ಲಾರಿ, ಪಕ್ಕದಲ್ಲಿ ಕಂಬಿ,
ಸ್ವಲ್ಪ ಎಡಕ್ಕೆ, ಸಾಕು, ಸಾಕು ಎನ್ನಲು
ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ.
ಏಳನೆಯ ಸಲಕ್ಕೆ ತಿರುಗಿತು.
ಒತ್ತಿದ ಮುದ್ರೆಯ ಮೇಲೆ ಹುಡುಗ ಇನ್ನೊಂದು ಮುದ್ರೆ ಒತ್ತಿದ.
ಹಣ ಬದಲಾಯಿಸುವ ಅಂಗಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದೆ,
ಡಬ್ಬಿ ಕಂಕುಳಲ್ಲಿಟ್ಟು ನಡೆದೆ.
ನಡೆಯುವವಳಿಗೆ ಒಂದೇ ಪುಸ್ತಕ ಸಾಕು, ಎರಡು ನಿಮಿಷ.

ಅತ್ತೆ ಆಗಲೇ ಬೇರೆ ದೇಶದಲ್ಲಿ,
ಯಾರದೋ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು.
ಗಾಡಿ?
ಬಿಡಲಿಲ್ಲ. ಕಾಗದ ಸಾಲದಂತೆ.
ಸೇತುವೆಯ ಕಡೆ ತುಂಬ ಹೊತ್ತು ನೋಡಿದರು.
ಒಳ್ಳೆಯದೇ ಆಯಿತು, ಎಂದರು. ಅವಳು ಕೇಳಿದರೆ
ಜೊತೆಗೇ ಹೊರಟಿದ್ದ, ಗಡಿಯಲ್ಲಿ ಬಿಡಲಿಲ್ಲ,
ಕಾಗದ ಸಾಲದು ಅಂದರು, ಅನ್ನೋಣ.

ಟ್ಯಾಕ್ಸಿಯವನು ಜಾಡಿಯನ್ನು ಡಿಕ್ಕಿಯಲ್ಲಿಡಲು ಕೈ ಚಾಚಿದ.
ಅವರು ಕೊಡಲಿಲ್ಲ.